ಜೀಪಿನ ಹಿಂದೊಂದು ಮನೆ

ನಾನು ಹೇಳುವುದು ಪ್ಲೈವುಡ್ ಟ್ರೇಲರಿನ ವಿಷಯ ಮಾರಾಯ್ರೇ. ಜೀಪಿನ ಹಿಂದೆ ಕಟ್ಟಿಕೊಂಡು ಘಟ್ಟ ಹತ್ತುವಂಥದ್ದು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂದಿನ ಬಾಗಿಲು ಎತ್ತಿದರೆ ಒಲೆ. ಇದೆಲ್ಲ ಎಂತಕ್ಕೆ, ಹೋದಲ್ಲಿ ರೂಮು ಸಿಗುವುದಿಲ್ಲವಾ ಅಂತ ಕೇಳ್ತೀರಿ. ಸಿಗ್ತದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎದುರಿಗೆ ಅಡಿಕೆ ತೋಟ, ಕೈಯಲ್ಲಿ ನಾವೇ ಕಾಯಿಸಿದ ಚಾ, ಅದು ರೂಮಿನಲ್ಲಿ ಸಿಗುವುದಿಲ್ಲ. ನಮ್ಮ ಮಂಗಳೂರಿನ ಕಡೆಗೆ ಇದು ಹೊಸತೂ ಅಲ್ಲ. ಯಕ್ಷಗಾನ ಮೇಳದವರು ರಂಗಸ್ಥಳ, ವೇಷದ ಪೆಟ್ಟಿಗೆ ಎಲ್ಲ ಲಾರಿಗೆ ಹೇರಿಕೊಂಡು ಊರೂರು ತಿರುಗುತ್ತಾರೆ. ಅವರ ಬಾಯಲ್ಲೂ ಅದು ಕ್ಯಾಂಪೇ.

ಇನ್ನು ಟ್ರೇಲರ್ ಮಾಡುವ ವಿಷಯ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಜೀಪಿಗೆಂದು ಕಾಲು ಟನ್ನಿನ ಟ್ರೇಲರ್ ಮಾಡಿಸಿತ್ತು, ನೀರಿನಲ್ಲಿ ತೇಲುವಂಥದ್ದು. ಅದರ ಚಕ್ರವೂ ಜೀಪಿನದ್ದೇ. ಎಷ್ಟು ಒಳ್ಳೆಯ ಬುದ್ಧಿ ನೋಡಿ. ಒಂದೇ ಅಳತೆಯ ಚಕ್ರವಾದರೆ ಸ್ಟೆಪ್ನಿ ಎರಡಕ್ಕೂ ಆಯ್ತು. ಎಡ ಬಲದ ಚಕ್ರಗಳ ನಡುವಿನ ಅಗಲವೂ ಹೊಂದಿದರೆ ಜೀಪು ಬಿಟ್ಟ ಜಾಡಿನಲ್ಲೇ ಟ್ರೇಲರ್ ಬರ್ತದೆ. ಕೊಂಡಿಯೂ ಮಿಲಿಟರಿ ನಮೂನೆಯ ಕೊಕ್ಕೆ-ಬಳೆಯೇ ಆಗಬೇಕು. ಗುಂಡಿನ ಕೊಂಡಿ ಡಾಂಬರು ರಸ್ತೆಗೆ ಸರಿ, ತೋಟದ ದಾರಿಯಲ್ಲಿ ಜೀಪು ಒಂದು ಕಡೆ ವಾಲಿ ಟ್ರೇಲರ್ ಇನ್ನೊಂದು ಕಡೆ ವಾಲುವಾಗ ಅದು ಅಷ್ಟು ತಿರುಗುವುದಿಲ್ಲ. ಮತ್ತೆ, ಒಟ್ಟು ಭಾರದ ಶೇ. 10ರಿಂದ 15 ಆ ಕೊಂಡಿಯ ಮೇಲೆ ಕೂರಬೇಕು. 500 ಕೆ.ಜಿ.ಯ ಟ್ರೇಲರಿಗೆ 50ರಿಂದ 75. ಅದಕ್ಕಿಂತ ಕಡಿಮೆಯಾದರೆ ಶಿರಾಡಿ ಘಾಟಿ ಇಳಿಯುವಾಗ ಹಿಂದಿನದ್ದು ಅತ್ತಿತ್ತ ಬೀಸಿ ಜೀಪನ್ನೂ ಎಳೀತದೆ. ನೀರಿನ ಟ್ಯಾಂಕನ್ನು ಆಕ್ಸಲ್ ಮೇಲೆಯೇ ಇಡುವುದೂ ಅದಕ್ಕೇ: 60 ಲೀಟರ್ ಅಂದರೆ 60 ಕೆ.ಜಿ., ಖಾಲಿಯಾದರೂ ತೂಕದ ಲೆಕ್ಕ ತಪ್ಪಬಾರದು.

ಇದೆಲ್ಲ ಯಾವ ಊರಿನಲ್ಲಿ ಮಾಡಿದರೂ ಒಂದೇ. ಮಂಗಳೂರಿನ ತೊಂದರೆ ಬೇರೆ. ಇಲ್ಲಿ ಸಮುದ್ರದ ಉಪ್ಪುಗಾಳಿ, ಅದರ ಮೇಲೆ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. ಪೈಪಿನ ಚಾಸಿಸ್ ಹೊರಗೆ ಪೇಂಟು ಹೊಳೆಯುತ್ತಾ ಇರ್ತದೆ, ಒಳಗಿನಿಂದ ತುಕ್ಕು ತಿಂದಾಗಿರ್ತದೆ. ಕರಗಿದ ಸತುವಿನಲ್ಲಿ ಮುಳುಗಿಸಿ ಗ್ಯಾಲ್ವನೈಸ್ ಮಾಡಿದರೆ ಒಳಗೂ ಹೊರಗೂ ಲೇಪ ಹಿಡೀತದೆ, ಖರ್ಚಾದರೂ ಅದನ್ನೇ ಮಾಡಿಸಿ. ಉಳಿದದ್ದಕ್ಕೆ ಯೂಟ್ಯೂಬ್ ನೋಡುವ ಬದಲು ಬಂದರಿಗೆ, ದೋಣಿ ಕಟ್ಟುವವರಲ್ಲಿಗೆ ಹೋಗಿ. ಉಪ್ಪುನೀರಿನಲ್ಲೇ ವರ್ಷಗಟ್ಟಲೆ ಇರುವ ಫೈಬರ್ ದೋಣಿ ಮಾಡುವವರಿಗಿಂತ ಚೆನ್ನಾಗಿ ಇದನ್ನು ಯಾರು ಹೇಳಿಕೊಡ್ತಾರೆ? ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್, ಅದರ ಮೇಲೆ ಗ್ಲಾಸ್ ಮ್ಯಾಟ್ ಮತ್ತು ರೆಸಿನ್, ಸ್ಕ್ರೂ ಎಲ್ಲ 316 ದರ್ಜೆಯ ಸ್ಟೀಲು. ಆದರೆ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಅವರಿಗೆ ಬೋಟುಗಳ ರಿಪೇರಿಯ ಭರಾಟೆ. ಮಳೆಯ ತೇವಕ್ಕೆ ರೆಸಿನ್ನೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಡಿಸೆಂಬರ್‌ನಲ್ಲಿ ಹೋಗಿ, ಗಾಳಿ ಒಣಗಿರ್ತದೆ.

ಎಲ್ಲಿ ನಿಲ್ಲಿಸುವುದು ಅಂತಲಾ? ಕಾಡಿನಲ್ಲಿ ಅಲ್ಲ. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಅಲ್ಲಿ ಬೇಕಾದಲ್ಲಿ ಟೆಂಟು ಹಾಕಿ ರಾತ್ರಿ ಕಳೆಯಲಿಕ್ಕಿಲ್ಲ, ಇರಲೂಬಾರದು. ಬೆಳ್ತಂಗಡಿ, ಸುಳ್ಯದ ಕಡೆ ನೆಂಟರ ತೋಟ ಇಲ್ಲದವರು ನಮ್ಮಲ್ಲಿ ಯಾರು? ಒಂದು ಮಾತು ಕೇಳಿದರೆ ಆಯ್ತು.

ಇನ್ನು, ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥದ್ದು ಕಟ್ಟುವ ಆಸೆ ಇದ್ದರೆ, ಅವರಿಗೆ ಇದೊಂದನ್ನು ಖಂಡಿತ ಹೇಳಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇಂಜಿನ್ ಇಲ್ಲದ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಮನೆಯಂಗಳದಲ್ಲಿ ವೆಲ್ಡ್ ಮಾಡಿದ ಚಾಸಿಸ್‌ಗೆ ನಂಬರು ಸಿಗುವುದು ಬಹಳ ಕಷ್ಟ. ಅನುಮೋದನೆ ಇರುವ ತಯಾರಕರಿಂದ ಕಾಗದಪತ್ರದ ಸಮೇತ ಚಾಸಿಸ್ ತರಲಿ, ಮೇಲೆ ಎಂಥ ಮನೆ ಕಟ್ಟುತ್ತೇನೆ ಅಂತ ಚಿತ್ರ ಬರೆದುಕೊಂಡು ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಲಿ. ಅಲ್ಲಿ ಸರಿ ಅಂದ ಮೇಲೆಯೇ ಪ್ಲೈವುಡ್ಡಿಗೆ ಗರಗಸ ಹಾಕಲಿ.