ಯಾವ ಊರಲ್ಲಿ ಮಾಡೋಣ, ಸ್ವಾಮಿ?

ತಂತ್ರಜ್ಞಾನ ಸಮ್ಮೇಳನಕ್ಕೆ ಊರು ಗೊತ್ತುಮಾಡಲು ಕೂತ ಸಮಿತಿಯಲ್ಲಿ ತಂತ್ರಜ್ಞಾನವೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತೂ ಬರುತ್ತದೆ. ರೂಮಿಗೆ ಎಷ್ಟು, ಊಟಕ್ಕೆ ತಲೆಗೆಷ್ಟು, ವಿಮಾನ ನೇರವೋ ಸುತ್ತುಬಳಸೋ, ಸಂಜೆ ನೋಡಲು ಏನುಂಟು. ಈ ಕೊನೆಯದನ್ನು ನಡಾವಳಿಯಲ್ಲಿ ಯಾರೂ ಬರೆಯುವುದಿಲ್ಲ, ಕೈ ಎತ್ತುವುದು ಮಾತ್ರ ಅದಕ್ಕೇ. ತಾರೀಖಿನ ಕಥೆಯೂ ನಮ್ಮ ಮದುವೆಗಳದ್ದೇ. ಛತ್ರ ಖಾಲಿ ಇರುವ ದಿನ ತಾನೇ ಒಳ್ಳೆಯ ಮುಹೂರ್ತ?

ಮೊಬೈಲ್ ಉದ್ಯಮದವರನ್ನು ನೋಡಿ. ಅವರ ದೊಡ್ಡ ಸಮ್ಮೇಳನ 2005ರವರೆಗೆ ನಡೆಯುತ್ತಿದ್ದದ್ದು ಫ್ರಾನ್ಸಿನ ಕಾನ್‌ನಲ್ಲಿ. ಹೌದು, ಸಿನಿಮಾ ತಾರೆಯರು ಕೆಂಪು ಹಾಸಿನ ಮೇಲೆ ನಡೆಯುವ ಅದೇ ಊರು. ಸಿಗ್ನಲ್ಲು, ಟವರು ಎಂದು ತಲೆ ಕೆಡಿಸಿಕೊಳ್ಳಲು ಕಡಲತೀರವೇ ಏಕೆ ಬೇಕಿತ್ತು ಅಂತ ಕೇಳಬೇಡಿ. 2006ರಲ್ಲಿ ಗಂಟುಮೂಟೆ ಕಟ್ಟಿ ಹೊರಟವರು ಹೋಗಿ ಸೇರಿದ್ದು ಬಾರ್ಸಿಲೋನಾವನ್ನು. ದೇಶ ಬದಲಾಯಿತು, ಭಾಷೆ ಬದಲಾಯಿತು. ಸಮುದ್ರ ಮಾತ್ರ ಅದೇ ಮೆಡಿಟರೇನಿಯನ್!

ಇವರೆಲ್ಲ ಊರು ಹುಡುಕಿಕೊಂಡು ಹೋದವರು. ಶೆಲ್ಡನ್ ಆಡಲ್ಸನ್ ಲೆಕ್ಕ ಬೇರೆ. 1979ರಲ್ಲಿ ಲಾಸ್ ವೇಗಸ್‌ನಲ್ಲಿ ಕಾಮ್‌ಡೆಕ್ಸ್ ಎಂಬ ಕಂಪ್ಯೂಟರ್ ಮೇಳ ಶುರುವಾಯಿತಲ್ಲ, ಅದರ ರೂವಾರಿಗಳಲ್ಲಿ ಈತ ಮುಖ್ಯ. ಬಂದವರೆಲ್ಲ ಯಾರದೋ ಹೋಟೆಲಿಗೆ ದುಡ್ಡು ಸುರಿಯುವುದನ್ನು ಎಷ್ಟು ವರ್ಷ ಅಂತ ನೋಡಿಯಾನು? 1989ರಲ್ಲಿ ಅಲ್ಲಿಯ ಸ್ಯಾಂಡ್ಸ್ ಹೋಟೆಲನ್ನೇ ಕೊಂಡುಕೊಂಡ, ಪಕ್ಕದಲ್ಲೇ ಪ್ರದರ್ಶನಾಂಗಣ ಎಬ್ಬಿಸಿದ. 1995ರಲ್ಲಿ ಮೇಳವನ್ನು ಜಪಾನಿನ ಸಾಫ್ಟ್‌ಬ್ಯಾಂಕಿಗೆ 80 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಿ ಕೈತೊಳೆದುಕೊಂಡ. ಹಳೆಯ ಹೋಟೆಲನ್ನು ಉರುಳಿಸಿ, 1999ರಲ್ಲಿ ಅದೇ ಜಾಗದಲ್ಲಿ ಕಾಲುವೆ, ದೋಣಿ ಸಮೇತ ವೆನೀಷಿಯನ್ ತೆರೆದ. ಮರುಭೂಮಿಯಲ್ಲಿ ದೋಣಿ! ಕಾಮ್‌ಡೆಕ್ಸ್ 2003ಕ್ಕೆ ಕಣ್ಣು ಮುಚ್ಚಿತು, ದೋಣಿ ಇನ್ನೂ ತೇಲುತ್ತಿದೆ.

ಇನ್ನು ನಮ್ಮ ಬೆಂಗಳೂರು. ಇಡೀ ದೇಶದ ಸಾಫ್ಟ್‌ವೇರಿನವರು ಇಲ್ಲೇ ಇರುವಾಗ ಬೇರೆ ಊರೇಕೆ ಎನ್ನುತ್ತೀರಿ. ಇಲ್ಲೇ ಇದ್ದಾರೆ ಎನ್ನುವುದೇ ತೊಂದರೆ. ಸ್ಥಳೀಯ ಗಿರಾಕಿ ಬೆಳಿಗ್ಗೆ ಬಂದು ಚೀಲ, ಟೀಶರ್ಟು ಈಸಿಕೊಳ್ಳುತ್ತಾನೆ. ಮಧ್ಯಾಹ್ನ ಊಟ ಮುಗಿದದ್ದೇ 'ಆಫೀಸಲ್ಲಿ ಒಂದು ಕಾಲ್ ಇದೆ' ಎಂದು ಮಾಯ. ಪೈಥಾನ್ ಭಾಷೆಯವರ ಭಾರತೀಯ ಸಮ್ಮೇಳನ 2009ರಲ್ಲಿ ಇಲ್ಲೇ ಹುಟ್ಟಿ ಆಮೇಲೆ ದಿಲ್ಲಿ, ಹೈದರಾಬಾದ್, ಚೆನ್ನೈ ಸುತ್ತಿಬಂದದ್ದು ಸುಮ್ಮನೆ ಇರಲಾರದು ಎಂದು ನನ್ನ ಗುಮಾನಿ. ಸರ್ಕಾರದ ಬೆಂಗಳೂರು ಟೆಕ್ ಶೃಂಗಸಭೆ 2025ರಲ್ಲಿ ಅರಮನೆ ಮೈದಾನ ಬಿಟ್ಟು ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರಕ್ಕೆ ಹೋಯಿತು. ಹಸಿರು ಮೆಟ್ರೋ 2024ರ ನವೆಂಬರಿನಿಂದ ಮಾದಾವರದವರೆಗೆ ಓಡುತ್ತದೆ, ನಿಜ. ಆದರೆ ವೈಟ್‌ಫೀಲ್ಡಿನವನು ನೇರಳೆ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ಹಸಿರು ಹಿಡಿದು ಮಾದಾವರ ಮುಟ್ಟುವಷ್ಟರಲ್ಲಿ ಚೆನ್ನೈಯ ವಿಮಾನ ಇಳಿದು ಎಷ್ಟೋ ಹೊತ್ತಾಗಿರುತ್ತದೆ.

ಹಾಗಾದರೆ ಮೈಸೂರು? ನನ್ನ ಮತ ಅದಕ್ಕೇ. ಕಾಲ್ ಇದೆ ಎಂದು ಎದ್ದುಹೋಗಲು ಆಫೀಸು ದೂರ. ಒಂದೇ ಅಪಾಯ, ಜನ ಹೆಂಡತಿ ಮಕ್ಕಳನ್ನೂ ಕರೆತರುತ್ತಾರೆ, ಮಕ್ಕಳು ಮೃಗಾಲಯಕ್ಕೆ ಎಳೆಯುತ್ತಾರೆ. ಅದಕ್ಕೂ ಮದ್ದಿದೆ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜಾ. ಮುಖ್ಯ ಭಾಷಣ ಅವತ್ತೇ ಇಟ್ಟುಬಿಡಿ.