ನೆಂಟರಿಲ್ಲದ ಉಷ್ಣವಲಯ

ಶಿಕಾಗೊ ಮತ್ತು ಡೆಟ್ರಾಯಿಟ್ ನಗರಗಳ ಸುತ್ತಲಿನ ನೇಪರ್‌ವಿಲ್, ಆರೋರಾ, ಶಾಂಬರ್ಗ್, ನೋವೈ, ಕ್ಯಾಂಟನ್, ಟ್ರಾಯ್ ಮೊದಲಾದ ಉಪನಗರಗಳಲ್ಲಿ ನೆಲೆನಿಂತಿರುವ ಕನ್ನಡ ಕುಟುಂಬಗಳಲ್ಲಿ, ಬೇಸಿಗೆ ರಜೆಗೆ ಯಾವ ದ್ವೀಪಕ್ಕೆ ಹೋಗುವುದೆಂಬ ಜಿಜ್ಞಾಸೆ ತಲೆದೋರುವುದು ಬೇಸಿಗೆಯಲ್ಲಲ್ಲ, ಸಂಕ್ರಾಂತಿಯ ಆಸುಪಾಸಿನಲ್ಲಿ. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟವಾಗಲಿ ಮಿಷಿಗನ್ನಿನ ಪಂಪ ಕನ್ನಡ ಕೂಟವಾಗಲಿ ಹಬ್ಬ ಆಚರಿಸುವ ಹೊತ್ತಿಗೆ ಸಭಾಂಗಣದ ಹೊರಗೆ ಹಿಮ ಗುಡ್ಡೆಬಿದ್ದಿರುವುದು ಅಪರೂಪವಲ್ಲವಾದ್ದರಿಂದ, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು, ಅದರ ಮೇಲೊಂದು ಶಾಲು ಹೊದ್ದು ಬಂದವರು ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತಾಡಬೇಕೆಂಬ ಕಟ್ಟಳೆಯನ್ನು ಅರೆ ನಿಮಿಷ ಪಾಲಿಸಿ, ಅನಂತರ ಹವೆಯನ್ನು ಬೈಯಲು ತೊಡಗುತ್ತಾರೆ. ಈ ಬೈಗುಳಕ್ಕೆ ಐತಿಹಾಸಿಕ ಆಧಾರವಿದೆ: 1985ರ ಜನವರಿ 20ರಂದು ಶಿಕಾಗೊದ ಉಷ್ಣಾಂಶ ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು, 2019ರ ಜನವರಿ 30ರಂದು ಸುಮಾರು 31 ಡಿಗ್ರಿ. ಅಂಥ ಚಳಿಯಲ್ಲಿ ಮನುಷ್ಯ ಮಾಡಿಕೊಳ್ಳುವ ಸಂಕಲ್ಪಕ್ಕೆ ಅವನನ್ನು ಜುಲೈ ತಿಂಗಳಲ್ಲಿ ಹೊಣೆಯಾಗಿಸುವುದು ಎಷ್ಟರ ಮಟ್ಟಿಗೆ ನ್ಯಾಯ ಎಂಬುದು ಧರ್ಮಶಾಸ್ತ್ರಜ್ಞರು ಯೋಚಿಸಬೇಕಾದ ವಿಷಯ.

ಏಕೆಂದರೆ ಜುಲೈ ಬರುವಷ್ಟರಲ್ಲಿ ಲೋಕವೇ ತಿರುವುಮುರುವಾಗಿರುತ್ತದೆ. ಇಲಿನಾಯ್ ರಾಜ್ಯ ಮೆಕ್ಕೆಜೋಳದ ಕಣಜವಾಗಿದ್ದು, ಆ ಹೊಲಗಳು ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೊರಬಿಡುತ್ತವೆ. ಸಸ್ಯಶಾಸ್ತ್ರಜ್ಞರು ಬಾಷ್ಪವಿಸರ್ಜನೆ ಎಂದು ಗೌರವದಿಂದ ಕರೆಯುವ ಈ ಕ್ರಿಯೆಯನ್ನು ಅಲ್ಲಿನ ಟಿ.ವಿ. ಹವಾಮಾನ ವರದಿಗಾರರು ಯಾವ ಸಂಕೋಚವೂ ಇಲ್ಲದೆ ಜೋಳದ ಬೆವರು ಎಂದುಬಿಡುತ್ತಾರೆ. ಒಂದು ಎಕರೆ ಜೋಳ ದಿನಕ್ಕೆ 11,000ದಿಂದ 15,000 ಲೀಟರ್ ನೀರನ್ನು ಹೀಗೆ ಗಾಳಿಗೆ ಸೇರಿಸುತ್ತದೆ. ಗಾಳಿಯ ತೇವವನ್ನು ಅಳೆಯುವ ಒಂದು ವಿಧಾನ ಇಬ್ಬನಿ ಬಿಂದು, ಎಂದರೆ ನೀರಾವಿ ಹನಿಗಟ್ಟತೊಡಗುವ ಉಷ್ಣಾಂಶ. ಅದು ಏರಿದಷ್ಟೂ ಅಂಗಿ ಬೆನ್ನಿಗೆ ಅಂಟುತ್ತದೆ. ಜುಲೈ ತಿಂಗಳ ಕೆಟ್ಟ ದಿನಗಳಲ್ಲಿ ಇಲಿನಾಯ್‌ನ ಇಬ್ಬನಿ ಬಿಂದು 24 ಡಿಗ್ರಿಯನ್ನು ದಾಟಿದರೆ, ವಾಣಿಜ್ಯ ಮಾರುತಗಳು ಬೀಸುವ ಹೊನಲುಲುವಿನಲ್ಲಿ ಅದು 20ರ ಆಸುಪಾಸಿನಲ್ಲಿರುತ್ತದೆ. ಅರ್ಥಾತ್, ಉಷ್ಣವಲಯವನ್ನು ಅರಸಿ ಹೊರಡುವ ನೇಪರ್‌ವಿಲ್ಲಿನ ಗೃಹಸ್ಥ ಅದನ್ನು ತನ್ನ ಗ್ಯಾರೇಜಿನ ಮುಂದೆಯೇ ಬಿಟ್ಟು ವಿಮಾನ ಹತ್ತುತ್ತಾನೆ.

ಭೂಗೋಳಶಾಸ್ತ್ರದ ಪ್ರಕಾರ ಉಷ್ಣವಲಯವೆಂದರೆ ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 23.5 ಡಿಗ್ರಿಗಳವರೆಗೆ, ಕರ್ಕಾಟಕ ಹಾಗೂ ಮಕರ ಸಂಕ್ರಾಂತಿ ವೃತ್ತಗಳ ನಡುವೆ ಹಬ್ಬಿರುವ ಪ್ರದೇಶ. ಈ ಮಾನದಂಡವನ್ನು ಕಟ್ಟುನಿಟ್ಟಾಗಿ ಹಿಡಿದರೆ ಫ್ಲಾರಿಡಾದ ಕೀ ವೆಸ್ಟ್, ಬಹಾಮಾಸ್‌ನ ನಸ್ಸಾವು ಮುಂತಾದ ತಾಣಗಳು ತಮ್ಮೆಲ್ಲ ತಾಳೆಮರಗಳ ಸಮೇತ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ; ಅಮೆರಿಕದ 50 ರಾಜ್ಯಗಳಲ್ಲಿ ಹವಾಯಿ ಒಂದೇ ಪಾಸು. ಇತ್ತ ಬೀದರಿನಿಂದ ಚಾಮರಾಜನಗರದವರೆಗೆ ಕರ್ನಾಟಕದ ಒಂದು ಅಂಗುಲವೂ ಈ ವಲಯದಿಂದ ಹೊರಗಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, ಕೆರಿಬಿಯನ್ ಕಡಲಂಚಿನ ಪ್ರಸಿದ್ಧ ವಿಹಾರದ್ವೀಪವಾದ ಬಾರ್ಬಡೋಸ್ ಮಂಗಳೂರು ಮತ್ತು ಉಡುಪಿಗಳ ಅಕ್ಷಾಂಶಗಳ ನಡುವೆ, ಮೂಲ್ಕಿ, ಕಾಪುಗಳ ನೇರಕ್ಕೆ ಬರುತ್ತದೆ. ಮೂಲ್ಕಿಯಲ್ಲಿ ಹುಟ್ಟಿ, ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಟ್ರಾಯ್‌ನಲ್ಲಿ ಮನೆ ಕಟ್ಟಿದವನೊಬ್ಬ ಸಾವಿರಾರು ಡಾಲರ್ ತೆತ್ತು ಅದೇ ಅಕ್ಷಾಂಶದ ತೆಂಗಿನ ಮರದ ಕೆಳಗೆ ಅದೇ ಜಾತಿಯ ಸೊಳ್ಳೆ ಹೊಡೆದುಕೊಂಡು ಕೂರುವುದೇಕೆ ಎಂದು ತರ್ಕಶಾಸ್ತ್ರಿಗಳು ಕೇಳಬಹುದು. ಉತ್ತರ ಸರಳವಾಗಿದೆ. ಬಾರ್ಬಡೋಸಿನಲ್ಲಿ ಚಿಕ್ಕಮ್ಮ ಇಲ್ಲ.

ಇದನ್ನು ಕೃತಘ್ನತೆಯೆಂದು ಎಣಿಸಲಾಗದು. ಊರಿಗೆ ಹೋಗುವುದು ಬೇರೆ, ರಜೆಗೆ ಹೋಗುವುದು ಬೇರೆ. ಮೊದಲನೆಯದು ಕರ್ತವ್ಯಕಾಂಡಕ್ಕೆ ಸೇರಿದ್ದು. ಮೂರು ವಾರಗಳ ಆ ಅವಧಿಯಲ್ಲಿ ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು, ರವಿಕೆಯ ದರ್ಜಿ, ಮನೆದೇವರು, ತಪ್ಪಿಸಿಕೊಳ್ಳಲಾಗದ ಒಂದು ಗೃಹಪ್ರವೇಶ ಇವುಗಳ ಜೊತೆಗೆ ಮೂವತ್ತು ಮನೆಗಳ ಕಾಫಿ ಸೇವನೆಯೂ ಸೇರಿರುತ್ತದೆ. ಇಪ್ಪತ್ತೊಂಬತ್ತು ಮನೆಗಳ ಕಾಫಿ ಕುಡಿದ ಪುಣ್ಯಕ್ಕೆ ಲೆಕ್ಕವಿಲ್ಲ, ಬಿಟ್ಟುಹೋದ ಮೂವತ್ತನೆಯ ಮನೆಯದು ಮಾತ್ರ ಮುಂದಿನ ಮದುವೆಯವರೆಗೂ ಚಾಲ್ತಿಯಲ್ಲಿರುತ್ತದೆ. ಮೇಲಾಗಿ ಅಮೆರಿಕದ ಶಾಲೆಗಳಿಗೆ ದೊಡ್ಡ ರಜೆ ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಎಂದರೆ ಸರಿಯಾಗಿ ಮುಂಗಾರಿನಲ್ಲಿ. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ ತಣ್ಣಗಾಗಿ ಆರುಮೂಲೆಯ ಕಂಬಗಳಾಗಿ ನಿಂತ ಅಪೂರ್ವ ಸ್ಥಳ; ತೆಂಗು, ಮರಳು, ನೀಲಿ ನೀರು, ಯಾವುದಕ್ಕೂ ಕೊರತೆಯಿಲ್ಲ. ಆದರೆ ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. 8.8 ಕೋಟಿ ವರ್ಷ ತಾಳ್ಮೆಯಿಂದ ಕಾದ ದ್ವೀಪ ಇಲಿನಾಯ್‌ನ ಶಾಲಾ ವೇಳಾಪಟ್ಟಿಗೆ ಹೊಂದಿಕೊಳ್ಳದೆ ಹೋಗಿ, ಶಾಂಬರ್ಗಿನ ಮಕ್ಕಳು ಮಲ್ಪೆಯ ದಡದಲ್ಲಿ ಕೊಡೆ ಹಿಡಿದು, ದ್ವೀಪ ಇರಬೇಕಾದ ದಿಕ್ಕಿಗೆ ನೋಡಿ, ಬಿಸಿ ಗೋಳಿಬಜೆ ತಿಂದು ವಾಪಸಾಗುತ್ತಾರೆ. (ಗೋಳಿಬಜೆಯ ಬಗ್ಗೆ ಯಾರದೂ ತಕರಾರಿಲ್ಲ.)

ಹೀಗೆ ನೆಂಟರಿಲ್ಲದ ಉಷ್ಣವಲಯ ಬೇಕೆಂದು ನಿಷ್ಕರ್ಷೆಯಾದ ಮೇಲೆ ದ್ವೀಪವನ್ನು ಆರಿಸುವವರು ಮನೆಯವರೆಂದು ತಿಳಿದರೆ ಅದು ಭ್ರಮೆ. ಆರಿಸುವುದು ಮನೆಯವರ ಕಾಗದಪತ್ರಗಳು. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿರುವವನ ಬಳಿ ಎರಡು ಬಗೆಯ ಅನುಮತಿಗಳಿರುತ್ತವೆ: ದೇಶದೊಳಗೆ ಇರಲು ಕೊಟ್ಟ ಅನುಮತಿ ಒಂದು, ಹೊರಗೆ ಹೋದವನು ಮತ್ತೆ ಒಳಬರಲು ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಮುದ್ರೆ ಇನ್ನೊಂದು. ಇರುವ ಅನುಮತಿ ಮುಂದುವರಿಯುತ್ತಲೇ ಇದ್ದು ಬರುವ ಮುದ್ರೆ ಮಾತ್ರ ಅವಧಿ ಮೀರಿರುವ ಸ್ಥಿತಿ ಬಹು ಸಾಮಾನ್ಯವಾಗಿದ್ದು, ಅಂಥವನು ಜಮೈಕಾಕ್ಕೆ ಈಜಲು ಹೋದರೆ ಮರಳುವ ಮುನ್ನ ಅಮೆರಿಕದ ದೂತಾವಾಸದಲ್ಲಿ ಸಂದರ್ಶನಕ್ಕೆ ನಿಲ್ಲಬೇಕಾಗುತ್ತದೆ. ಮೂವತ್ತು ದಿನಗಳೊಳಗೆ ಕೆನಡಾ ಅಥವಾ ಮೆಕ್ಸಿಕೊದಿಂದ ಮರಳುವವರಿಗೆ ಒಂದು ರಿಯಾಯಿತಿಯುಂಟು. ಕೆರಿಬಿಯನ್ ದ್ವೀಪಗಳ ಮಟ್ಟಿಗೆ ಆ ರಿಯಾಯಿತಿ ವಿದ್ಯಾರ್ಥಿ ವೀಸಾದವರಿಗೆ ಅನ್ವಯಿಸುತ್ತದೆಯೇ ಹೊರತು ಇಂಜಿನಿಯರಿಗಲ್ಲ. ಗ್ರೀನ್ ಕಾರ್ಡ್ ಬಂದರೆ ಈ ತೊಡಕು ತೀರುತ್ತದಾದರೂ, ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿಂದಾಗಿ ಭಾರತೀಯರ ಸರತಿ ಎಷ್ಟು ಉದ್ದವಿದೆಯೆಂದರೆ, ಅಪ್ಪನ ಕಾರ್ಡಿಗಿಂತ ಮೊದಲು ಅಲ್ಲೇ ಹುಟ್ಟಿದ ಮಗಳ ಡ್ರೈವಿಂಗ್ ಲೈಸೆನ್ಸ್ ಬಂದಿರುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಹಿಡಿದ ಆ ಮಗಳು ಕೆರಿಬಿಯನ್ನಿನ ಯಾವ ದ್ವೀಪಕ್ಕಾದರೂ ನಡೆ ಎನ್ನುತ್ತಾಳೆ, ಅಪ್ಪ ಅಮ್ಮಂದಿರು ಭೂಪಟದಲ್ಲಿ ಅಮೆರಿಕದ ಬಾವುಟ ಹಾರುವ ಚುಕ್ಕೆಗಳನ್ನು ಹುಡುಕುತ್ತಾರೆ. ಹಾಗೆ ಸಿಗುವವು ಹವಾಯಿ, 1898ರಲ್ಲಿ ಸ್ಪೇನಿನಿಂದ ಬಂದ ಪೋರ್ಟೊ ರಿಕೊ, ಮತ್ತು 1917ರಲ್ಲಿ ಡೆನ್ಮಾರ್ಕಿಗೆ 2.5 ಕೋಟಿ ಡಾಲರ್ ಬೆಲೆಯ ಚಿನ್ನ ತೆತ್ತು ಕೊಂಡ ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರಾಯ್ ಎಂಬ ವರ್ಜಿನ್ ದ್ವೀಪಗಳು. ಯುದ್ಧಕಾಲದ ಆ ಖರೀದಿಯ ಫಲಾನುಭವಿಗಳಲ್ಲಿ ಕ್ಯಾಂಟನ್ನಿನ ಒಬ್ಬ ಗೇರ್‌ಬಾಕ್ಸ್ ಇಂಜಿನಿಯರ್ ಸಂಸಾರವೂ ಇರುತ್ತದೆಂದು ಡೆನ್ಮಾರ್ಕಿನ ದೊರೆ ಎಣಿಸಿರಲಿಕ್ಕಿಲ್ಲ.

ಉಳಿದ ಚುಕ್ಕೆಗಳನ್ನು ತೂಗಲು ಸ್ಪ್ರೆಡ್‌ಶೀಟ್ ಸಿದ್ಧವಾಗುತ್ತದೆ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ಮೇಜಿನ ಮೇಲೆ, ಒಂದು ಬದಿಗೆ ಮರುದಿನದ ಡಬ್ಬಿಗೆ ಹೆಚ್ಚಿಟ್ಟ ಬೀನ್ಸ್, ಇನ್ನೊಂದು ಬದಿಗೆ ಲ್ಯಾಪ್‌ಟಾಪ್. ಪರದೆಯ ಅಡ್ಡಸಾಲುಗಳಲ್ಲಿ ದ್ವೀಪಗಳು, ಕಂಬಸಾಲುಗಳಲ್ಲಿ ವಿಮಾನದ ಗಂಟೆಗಳು, ಕ್ರೆಡಿಟ್ ಕಾರ್ಡಿನ ಪಾಯಿಂಟುಗಳು, ಸಸ್ಯಾಹಾರದ ಸಾಧ್ಯತೆ, ಅತ್ತೆಯವರ ಮಂಡಿನೋವು. ಪ್ರತಿಯೊಂದಕ್ಕೂ ಗಂಡ ಇಂತಿಷ್ಟು ತೂಕವೆಂದು ಸೂತ್ರ ಹಾಕುತ್ತಾನೆ, ಹೆಂಡತಿ ಬೀನ್ಸ್ ಡಬ್ಬಿಯ ಮುಚ್ಚಳ ಹಾಕುತ್ತ ಪಾಯಿಂಟುಗಳ ಕಂಬಸಾಲಿಗೆ ಅಷ್ಟು ತೂಕ ಏಕೆಂದು ಒಂದೇ ಪ್ರಶ್ನೆ ಕೇಳುತ್ತಾಳೆ, ಗಂಡ ಆ ಅಂಕಿಯನ್ನು ತಿದ್ದುತ್ತಾನೆ, ಆಕೆ ನವೆಂಬರಿನಲ್ಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದ ದ್ವೀಪ ಗಣಿತಬದ್ಧವಾಗಿ ಮೇಲಕ್ಕೆ ಬರುತ್ತದೆ. ದಾಂಪತ್ಯದಲ್ಲಿ ಕಂಪ್ಯೂಟರಿನ ಪಾತ್ರ ಇಷ್ಟೇ ಎಂಬುದು ಅನುಭವಸ್ಥರ ಮತ.

ಸೂತ್ರಕ್ಕೆ ಸಿಗದ ಒಂದು ಅಂಶವೆಂದರೆ ಚಂಡಮಾರುತ. ಅಟ್ಲಾಂಟಿಕ್ ಸಾಗರದ ಚಂಡಮಾರುತಗಳ ಅಧಿಕೃತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ನಡೆಯುವುದರಿಂದ ಬೇಸಿಗೆ ರಜೆ ಅದರ ಹೊಟ್ಟೆಯೊಳಗೇ ಅಡಕವಾಗಿದೆ. 2024ರ ಜುಲೈ 1ರಂದೇ ಬೆರಿಲ್ ಎಂಬ ಚಂಡಮಾರುತ ಗ್ರೆನಡಾ ದೇಶದ ಕ್ಯಾರಿಯಕೂ ದ್ವೀಪವನ್ನು ಧ್ವಂಸಮಾಡಿತು. ಜುಲೈ ತಿಂಗಳಲ್ಲಿ ಕೆರಿಬಿಯನ್ ರೆಸಾರ್ಟು ಅರ್ಧ ಬೆಲೆಗೆ ಸಿಕ್ಕಿತೆಂದು ಕನ್ನಡ ಕೂಟದಲ್ಲಿ ಎದೆ ಸೆಟೆಸಿ ಹೇಳಿಕೊಳ್ಳುವವನಿಗೆ, ಆ ಬೆಲೆಯನ್ನು ಇಳಿಸಿದ್ದು ತನ್ನ ಚೌಕಾಸಿಯಲ್ಲ, ಸಮುದ್ರದ ಮೇಲ್ಮೈ ಬಿಸಿ ಎಂಬುದನ್ನು ತಿಳಿಸುವ ಸ್ನೇಹಿತರು ಇರಬೇಕು, ಸಾಮಾನ್ಯವಾಗಿ ಇರುತ್ತಾರೆ. ಊಟದ ಸಮಸ್ಯೆ ಅಷ್ಟು ದೊಡ್ಡದಲ್ಲ. ಪೋರ್ಟೊ ರಿಕೊದ ಮೊಫೊಂಗೊ ಎಂಬುದು ಕರಿದ ಬಾಳೆಕಾಯಿಯನ್ನು ಬೆಳ್ಳುಳ್ಳಿಯೊಡನೆ ಒರಳಿನಲ್ಲಿ ಕುಟ್ಟಿ ಮಾಡುವ ಖಾದ್ಯ. ಇಷ್ಟು ಕೇಳಿ ಕರಾವಳಿಯವರ ಮುಖ ಅರಳುವಷ್ಟರಲ್ಲಿ ಅದಕ್ಕೆ ಹಂದಿಯ ಚರ್ಮವನ್ನೂ ಸೇರಿಸುವುದುಂಟೆಂಬ ಸುದ್ದಿ ಬರುತ್ತದೆ. ಆದಕಾರಣ ಸೂಟ್‌ಕೇಸಿನಲ್ಲಿ ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ.

ಈ ವೆಚ್ಚವನ್ನೆಲ್ಲ ವಿರೋಧಿಸುವ ಮಿತವ್ಯಯಿಗಳ ಒಂದು ಪಂಥ ಡೆಟ್ರಾಯಿಟ್‌ನಲ್ಲಿದೆ, ಮತ್ತು ಅವರ ವಾದ ತಳ್ಳಿಹಾಕುವಂಥದ್ದಲ್ಲ. ಡೆಟ್ರಾಯಿಟ್ ನದಿಯ ನಡುವೆ, ಕೆನಡಾಕ್ಕೆ ಮುಖ ಮಾಡಿಕೊಂಡು 982 ಎಕರೆಯ ಬೆಲ್ ಐಲ್ ಎಂಬ ದ್ವೀಪವಿದೆ. ಅದರ ಮೇಲೆ, ಮುಂದೆ ಕಾರು ಕಾರ್ಖಾನೆಗಳ ಶಿಲ್ಪಿಯೆಂದು ಹೆಸರಾದ ಆಲ್ಬರ್ಟ್ ಕಾನ್ 1904ರಲ್ಲಿ ಕಟ್ಟಿದ ಗಾಜಿನ ಸಸ್ಯಾಗಾರವಿದೆ. ಅದರ ಗುಮ್ಮಟದ ಕೆಳಗೆ ತಾಳೆ, ಬಾಳೆಗಳಿವೆ. ದ್ವೀಪವೂ ಹೌದು, ಉಷ್ಣವಲಯವೂ ಹೌದು, ವೀಸಾ ಮುದ್ರೆ ಬೇಡ. ಶಿಕಾಗೊದವರಿಗೆ ದ್ವೀಪಭಾಗ್ಯವಿಲ್ಲದಿದ್ದರೂ ಯೆನ್ಸ್ ಯೆನ್ಸನ್ ರೂಪಿಸಿ 1908ರಲ್ಲಿ ತೆರೆದ ಗಾರ್‌ಫೀಲ್ಡ್ ಪಾರ್ಕ್ ಸಸ್ಯಾಗಾರವಿದೆ. ಫೆಬ್ರುವರಿಯಲ್ಲಿ ಇವುಗಳ ಬಾಗಿಲು ದೂಡಿ ಒಳಹೊಕ್ಕವನ ಕನ್ನಡಕ ತಕ್ಷಣ ಮಂಜುಗಟ್ಟುತ್ತದೆ. ಏನೂ ಕಾಣದ ಆ ಅರೆಗಳಿಗೆಯಲ್ಲಿ ಮೂಗಿಗೆ ಒದ್ದೆ ಮಣ್ಣಿನ, ಕೊಳೆತ ಎಲೆಯ ವಾಸನೆ ಬಡಿದು, ಕೋಟಿನ ಗುಂಡಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕನ್ನಡಕ ಒರೆಸಿಕೊಂಡು ನೋಡಿದರೆ ಎದುರಿಗೆ ಬಾಳೆಗಿಡ, ಅದಕ್ಕೊಂದು ಲ್ಯಾಟಿನ್ ಹೆಸರಿನ ಫಲಕ. ತೀರ್ಥಹಳ್ಳಿಯ ಹಿತ್ತಿಲಲ್ಲಿ ಬೆಳೆದವನು ಆ ಫಲಕವನ್ನು ಕೈಕಟ್ಟಿ ನಿಂತು ಕೊನೆಯವರೆಗೆ ಓದುತ್ತಾನೆ. ಗೊನೆಯನ್ನು ಕಡಿಯುವ ಕಾಲ ಮೀರಿದೆಯೆಂದು ಪಕ್ಕದ ಅಪರಿಚಿತರಿಗೆ ತಿಳಿಸುವುದನ್ನೂ ಮರೆಯುವುದಿಲ್ಲ. ಇಷ್ಟಾದರೂ ಈ ಪಂಥಕ್ಕೆ ಅನುಯಾಯಿಗಳು ಹೆಚ್ಚದಿರುವುದಕ್ಕೆ ಕಾರಣ, ಸಸ್ಯಾಗಾರದ ಫೋಟೊ ಹಾಕಿದರೆ ಲಾಲ್‌ಬಾಗಿಗೆ ಹೋಗಿದ್ದಿರಾ ಎಂದು ಬೆಂಗಳೂರಿನವರು ಕೇಳುವುದು.

ಆದ್ದರಿಂದ ಪಾಯಿಂಟು ಕೂಡಿಟ್ಟವರ ಅಂತಿಮ ಆಯ್ಕೆ ಅನೇಕ ವೇಳೆ ಹವಾಯಿಯ ಕವಾಯಿ ದ್ವೀಪವಾಗಿರುತ್ತದೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಶಿಕಾಗೊಗಿಂತ ಐದು, ಡೆಟ್ರಾಯಿಟ್‌ಗಿಂತ ಆರು ಗಂಟೆ ಹಿಂದಿರುವುದರಿಂದ ಮೊದಲ ದಿನ ಇಡೀ ಕುಟುಂಬ ಬೆಳಗಿನ ಮೂರಕ್ಕೇ ಎದ್ದು, ಸೂರ್ಯೋದಯಕ್ಕೆ ಕಾಯುತ್ತ ಅವಲಕ್ಕಿ ತಿಂದು ಮುಗಿಸುತ್ತದೆ. ದ್ವೀಪದ ನಡುವಿನ ವಯಾಲೆಯಾಲೆ ಶಿಖರದಲ್ಲಿ ವರ್ಷಕ್ಕೆ ಸುಮಾರು 10,000 ಮಿಲಿಮೀಟರ್ ಮಳೆ ಬೀಳುವುದನ್ನು ಕೇಳಿದಾಗ ಮಲೆನಾಡಿನವರು ಆಗುಂಬೆಯ ಪರವಾಗಿ ಸ್ವಲ್ಪ ಪೆಚ್ಚಾಗುತ್ತಾರೆ. ಆದರೆ ಕನ್ನಡಿಗರ ಪಾಲಿಗೆ ಕವಾಯಿಯ ನಿಜವಾದ ವಿಶೇಷ ಬೇರೆಯೇ ಇದೆ. ಅಮೆರಿಕದಲ್ಲಿ ಹುಟ್ಟಿ ಶೈವ ಸನ್ಯಾಸಿಯಾದ ಶಿವಾಯ ಸುಬ್ರಮುನಿಯಸ್ವಾಮಿ 1970ರಲ್ಲಿ ಅಲ್ಲೊಂದು ಮಠ ಸ್ಥಾಪಿಸಿದರು. ಆ ಮಠದ ಇರೈವನ್ ದೇವಾಲಯವನ್ನು ಚೋಳ ಶೈಲಿಯಲ್ಲಿ, ಬಿಳಿಯ ಗ್ರಾನೈಟಿನಲ್ಲಿ, 1990ರಿಂದ ಮೊದಲ್ಗೊಂಡು ಬೆಂಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಕೈಯುಳಿಯಿಂದ ಕೆತ್ತಿ, ಕಲ್ಲುಗಳನ್ನು ಹಡಗಿನಲ್ಲಿ ಸಾಗಿಸಿ, ಅಲ್ಲಿ ಜೋಡಿಸಿ, 2023ರ ಮಾರ್ಚ್‌ನಲ್ಲಿ ಕುಂಭಾಭಿಷೇಕ ಮಾಡಲಾಯಿತು. ಊರನ್ನು ತಪ್ಪಿಸಿಕೊಂಡು ಪೆಸಿಫಿಕ್ ಮಹಾಸಾಗರದ ನಟ್ಟನಡುವೆ ಬಂದವರನ್ನು ಅಲ್ಲಿ ಸ್ವಾಗತಿಸುವುದು ಬೆಂಗಳೂರು ಸೀಮೆಯಲ್ಲಿ ಉಳಿ ತಿಂದ ಕಲ್ಲು.

ಕಲ್ಲು ಸುಮ್ಮನಿರುತ್ತದೆ, ಭಕ್ತರು ಸುಮ್ಮನಿರುವುದಿಲ್ಲ. ಪ್ರಾಕಾರದಲ್ಲಿ ಚಪ್ಪಲಿ ಬಿಡುವಾಗ "ನೀವು ಕನ್ನಡದವರಾ?" ಎಂಬ ಪ್ರಶ್ನೆ ಹಿಂದಿನಿಂದ ಬರುತ್ತದೆ. ಕೇಳಿದವರು ನೋವೈಯವರು, ಕೇಳಿಸಿಕೊಂಡವರು ಆರೋರಾದವರು. ಮೂರನೆಯ ವಾಕ್ಯಕ್ಕೆ ಹಾಸನ, ಐದನೆಯ ವಾಕ್ಯಕ್ಕೆ ಸಂಬಂಧಿಕರ ಮನೆತನ, ಸಂಜೆಗೆ ಸಮುದ್ರತೀರದ ಬಾಡಿಗೆ ಮನೆಯಲ್ಲಿ ಒಬ್ಬರ ಪುಳಿಯೋಗರೆ ಇನ್ನೊಬ್ಬರ ಮೊಸರನ್ನ. ಮುಂದಿನ ಬೇಸಿಗೆಗೆ ಜೊತೆಯಾಗಿಯೇ ಹೋಗಬೇಕೆಂದು ಅಲ್ಲಿಯೇ ವಾಟ್ಸ್ಆ್ಯಪ್ ಗುಂಪು ರಚನೆಯಾಗುತ್ತದೆ. ಡೆಟ್ರಾಯಿಟ್‌ನವರ ಪಾಯಿಂಟುಗಳು ಡೆಲ್ಟಾದಲ್ಲಿ, ಶಿಕಾಗೊದವರವು ಯುನೈಟೆಡ್‌ನಲ್ಲಿ ಇರುವುದರಿಂದ ಆರಂಭವಾಗುವ ಭಿನ್ನಾಭಿಪ್ರಾಯವನ್ನು ಬಗೆಹರಿಸಲು ಮತದಾನ ಏರ್ಪಡುತ್ತದೆ. ಒಬ್ಬರೇ ಎಷ್ಟು ದ್ವೀಪಕ್ಕಾದರೂ ಒತ್ತಬಹುದಾದ್ದರಿಂದ ಎಲ್ಲ ದ್ವೀಪಗಳೂ ಗೆಲ್ಲುತ್ತವೆ. ಈ ನಡುವೆ, ಹಾಸನದ ಕೊಂಡಿ ಖಚಿತಪಡಿಸಲೆಂದು ಯಾರೋ ಗುಂಪಿಗೆ ಸೇರಿಸಿದ ಮೈಸೂರಿನ ಚಿಕ್ಕಮ್ಮ, ತಮಗೆ ಹತ್ತು ವರ್ಷದ ಟೂರಿಸ್ಟ್ ವೀಸಾ ಬಂದಿರುವುದನ್ನು ತಿಳಿಸಿ, ಅಲ್ಲಿ ಚಳಿ ಇರುತ್ತದೆಯೇ, ಸ್ವೆಟರ್ ತರಬೇಕೇ ಎಂದು ವಿಚಾರಿಸಿರುತ್ತಾರೆ.