ಎಫ್‌ಕ್ಲೋಸ್ ಮೀಮಾಂಸೆ: ಬಾನ್ ನಗರದ ಪ್ರಮಾಣಗಳ ಸಹಿತ

ಸಿ ಭಾಷೆಯಲ್ಲಿ ಕಡತ ತೆರೆಯುವುದನ್ನು ಎಲ್ಲರೂ ಬಲ್ಲರು. ಮುಚ್ಚುವ ವಿದ್ಯೆ ಮಾತ್ರ ದುರ್ಲಭ. ಪೂರ್ವಾಚಾರ್ಯರು ಈ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲವಾದರೂ ಜರ್ಮನಿಯ ಬಾನ್ ನಗರವನ್ನು ಪ್ರಮಾಣವಾಗಿ ಎತ್ತಿಕೊಳ್ಳದೆ ಹೋದದ್ದು ಅವರ ದೊಡ್ಡ ಲೋಪ. ಆಗಸ್ಟ್ ವಿಲ್‌ಹೆಲ್ಮ್ ಶ್ಲೇಗೆಲ್ ಇದೇ ಊರಿನ ವಿಶ್ವವಿದ್ಯಾಲಯದಲ್ಲಿದ್ದುಕೊಂಡು 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಅಚ್ಚು ಹಾಕಿಸಿದ. ಅಂಥ ಕಡೆ ಕಡತ ಮುಚ್ಚುವ ಒಂದು ಸಾಲಿನ ಎಫ್‌ಕ್ಲೋಸಿಗೆ ಭಾಷ್ಯ ಬರೆದರೆ ಯಾರೂ ನಗುವುದಿಲ್ಲ. ಜರ್ಮನ್ ಸರ್ಕಾರದ ಮಾಹಿತಿ ಭದ್ರತಾ ಕಚೇರಿ ಬಿಎಸ್‌ಐ ಇರುವುದೂ ಇಲ್ಲಿಯೇ. ಅದು ಹುಟ್ಟಿದ್ದು 1991ರಲ್ಲಿ, ಅಂದರೆ ಬಾನ್ ರಾಜಧಾನಿಯನ್ನು ಮುಚ್ಚುವ ನಿರ್ಣಯವಾದ ವರ್ಷವೇ. ಇದನ್ನು ಕಾಕತಾಳೀಯ ಎನ್ನುವವರು ಇಲ್ಲಿಂದಲೇ ಎದ್ದು ಹೋಗಬಹುದು.

ಮೊದಲು ತೆರೆದ ಬಗೆ. 1949ರ ಮೇ 10ರಂದು ಸಂವಿಧಾನ ರಚನೆಗೆ ಕೂತಿದ್ದ ಮಂಡಳಿಯು ಫ್ರಾಂಕ್‌ಫರ್ಟನ್ನು ಬಿಟ್ಟು ಬಾನನ್ನು ರಾಜಧಾನಿಯಾಗಿ ಆರಿಸಿತು: 33 ಮತ, ವಿರುದ್ಧ 29. ಬರ್ಲಿನ್ ಕೈಗೆ ಸಿಗುವ ತನಕ ಮಾತ್ರ, ತಾತ್ಕಾಲಿಕ. ಸಿ ಭಾಷೆಯಲ್ಲಿ ಇದಕ್ಕೆಂದೇ ಟೆಂಪ್‌ಫೈಲ್ ಎಂಬ ಫಂಕ್ಷನ್ ಇದೆ. ಅದರಿಂದ ತೆರೆದ ಕಡತ ಮುಚ್ಚಿದೊಡನೆ ತಾನೇ ಅಳಿದುಹೋಗುತ್ತದೆ. ಬಾನ್ ಅಳಿಯಲಿಲ್ಲ. ತಾತ್ಕಾಲಿಕ ಎಂದು ನೇಮಕವಾದದ್ದು ನಾಲ್ಕು ದಶಕ ನಡೆಯುವುದು ನಮ್ಮ ಸರ್ಕಾರಿ ಕಚೇರಿಗಳನ್ನು ಕಂಡವರಿಗೆ ಹೊಸದೇನಲ್ಲ.

ಇಲ್ಲಿ ಪೂರ್ವಪಕ್ಷಿ ತಲೆ ಹಾಕುತ್ತಾನೆ: “ಎಫ್‌ಪ್ರಿಂಟ್‌ಎಫ್ ಕರೆದೆ. ಇಷ್ಟು ಅಕ್ಷರ ಬರೆದೆ ಎಂದು ಅದೂ ಹೇಳಿತು. ಇನ್ನು ಎಫ್‌ಕ್ಲೋಸ್ ಏನು ಹೇಳಿದರೆ ನನಗೇನು?” ಪಾಪ. ಬರೆದದ್ದು ಬಿದ್ದಿರುವುದು ಬಫರಿನಲ್ಲಿ. ಬಫರ್ ತುಂಬಿದಾಗಲೋ, ಎಫ್‌ಫ್ಲಷ್ ಕರೆದಾಗಲೋ, ಕಡತ ಮುಚ್ಚುವಾಗಲೋ ಅದು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಹೋಗುತ್ತದೆ. ಡಿಸ್ಕಿನಲ್ಲಿ ಜಾಗವೇ ಇಲ್ಲ ಎಂಬ ಸುದ್ದಿ ಎಷ್ಟೋ ಸಲ ಹೊರಬೀಳುವುದು ಆ ಕೊನೆಯ ಗಳಿಗೆಯಲ್ಲಿ. ಸಂಶಯವಿದ್ದವರು ಲಿನಕ್ಸ್‌ನಲ್ಲಿ ಸದಾ ತುಂಬಿದಂತೆ ನಟಿಸುವ ‘/ಡೆವ್/ಫುಲ್’ ಎಂಬ ಕಡತವನ್ನು ತೆರೆದು ಹತ್ತಕ್ಷರ ಬರೆದು ನೋಡಲಿ. ಎಫ್‌ಪ್ರಿಂಟ್‌ಎಫ್ ನಗುನಗುತ್ತ ಹತ್ತು ಎನ್ನುತ್ತದೆ. ಎಫ್‌ಕ್ಲೋಸ್ ಸೊನ್ನೆಯ ಬದಲು ಸೋಲಿನ ಗುರುತಾದ ಇಓಎಫ್ ಕೈಗಿಡುತ್ತದೆ. ಈ ಇಬ್ಬರಲ್ಲಿ ನಿಜ ಹೇಳುವವಳು ಎರಡನೆಯವಳು. ಆಕೆಯ ಮಾತನ್ನು ಕೇಳಿಸಿಕೊಳ್ಳುವವರೇ ಇಲ್ಲ. ಸೊನ್ನೆ ಬಂದರೂ ಹಿಗ್ಗಬೇಡಿ: ಬರೆದದ್ದು ಕರ್ನೆಲ್ ತನಕ ತಲುಪಿದೆ ಅಷ್ಟೆ. ಕರೆಂಟು ಹೋದರೂ ಉಳಿಯಬೇಕೆಂದರೆ ಮುಚ್ಚುವ ಮೊದಲೇ ಎಫ್‌ಫ್ಲಷ್, ಅದರ ಹಿಂದೆಯೇ ಎಫ್‌ಸಿಂಕ್ ಆಗಬೇಕು.

ಬಾನ್‌ನ ಎಫ್‌ಕ್ಲೋಸ್ ನಡೆದದ್ದು 1991ರ ಜೂನ್ 20ರಂದು, ರೈನ್ ದಂಡೆಯ ಹಳೆಯ ನೀರು ಸರಬರಾಜು ಕಟ್ಟಡದಲ್ಲಿ. ಸಂಸತ್ತು ಆಗ ಅಲ್ಲಿ ಬಿಡಾರ ಹೂಡಿತ್ತು. ಬರ್ಲಿನ್‌ಗೆ 338 ಮತ, ಬಾನ್‌ಗೆ 320. ಬಫರ್ ಖಾಲಿಯಾಗಿ ಸಂಸತ್ತು ಬರ್ಲಿನ್ ಸೇರುವಾಗ 1999. ನಡುವೆ, 1992ರಲ್ಲಿ, ವಾಸ್ತುಶಿಲ್ಪಿ ಗುಂಟರ್ ಬೇನಿಷ್ ವಿನ್ಯಾಸಗೊಳಿಸಿದ ಹೊಚ್ಚಹೊಸ ಸಂಸತ್ ಸಭಾಂಗಣ ಬಾನ್‌ನಲ್ಲಿ ತೆರೆಯಿತು. ಮುಚ್ಚಿದ ಕಡತಕ್ಕೆ ಬರೆಯುವುದು ಎಂದರೆ ಏನೆಂದು ಕೇಳುವ ವಿದ್ಯಾರ್ಥಿಗಳನ್ನು ಇನ್ನು ಮುಂದೆ ಅಲ್ಲಿಗೆ ಕರೆದೊಯ್ದರಾಯಿತು. ಸಂಸದರ ಕಚೇರಿಗಳಿಗೆಂದು ಕಟ್ಟುತ್ತಿದ್ದ ಷೂರ್ಮನ್ ಕಟ್ಟಡಕ್ಕೆ 1993ರ ಡಿಸೆಂಬರಿನಲ್ಲಿ ರೈನ್ ನದಿಯೇ ನುಗ್ಗಿತು. ಇದನ್ನು ಬಫರ್ ಓವರ್‌ಫ್ಲೋ ಎಂದು ವರ್ಗೀಕರಿಸಬೇಕೆಂಬುದು ಪ್ರಬಂಧಕಾರನ ನಮ್ರ ಅಭಿಪ್ರಾಯ. ಅಲ್ಲೀಗ ಡಾಯ್ಚ ವೆಲ ಪ್ರಸಾರ ಸಂಸ್ಥೆಯಿದೆ.

ಈಗ ಶಾಸ್ತ್ರದ ಕಠಿಣ ಭಾಗ. ಎಫ್‌ಕ್ಲೋಸ್ ಗೆದ್ದರೂ ಸೋತರೂ ಕಡತದ ಪಾಯಿಂಟರ್ ಅಲ್ಲಿಗೆ ಸತ್ತಂತೆ. ಇಓಎಫ್ ಬಂತೆಂದು ಮತ್ತೊಮ್ಮೆ ಮುಚ್ಚಲು ಹೋಗುವುದು ತಿಥಿ ಮುಗಿದ ಮೇಲೆ ಔಷಧಿ ಕುಡಿಸಿದಂತೆ. ಆ ಮೇಲೆ ಏನಾದೀತೆಂದು ಸಿ ಮಾನಕ ಹೇಳುವುದಿಲ್ಲ. ಏನು ಬೇಕಾದರೂ ಆಗಬಹುದು ಎನ್ನುತ್ತದೆ. ಕೆಲವು ಸಲ ಏನೂ ಆಗುವುದಿಲ್ಲ, ಅದೇ ಅಪಾಯ. ಏಕೆಂದರೆ ಯುನಿಕ್ಸಿನಲ್ಲಿ 3ನೇ ನಂಬರಿನ ಕಡತ ಮುಚ್ಚಿದರೆ ಮುಂದೆ ತೆರೆದವರಿಗೆ, ಅದಕ್ಕಿಂತ ಚಿಕ್ಕ ನಂಬರ್ ಖಾಲಿ ಇಲ್ಲದಿದ್ದರೆ, ಅದೇ 3 ಸಿಗುತ್ತದೆ. ಹಳೆಯ ನಂಬರ್ ಹಿಡಿದು ಬಂದವನು ಮುಚ್ಚುವುದು ಮತ್ತೊಬ್ಬನ ಕಡತವನ್ನು. ಬಾನ್‌ನಲ್ಲಿ ಸಂಸದರ ಕಚೇರಿಗಳಿದ್ದ ಗಗನಚುಂಬಿಯೊಂದಿದೆ, ‘ಲಾಂಗರ್ ಓಯ್ಗೆನ್’, ಎಂದರೆ ಉದ್ದನೆಯ ಓಯ್ಗೆನ್. ಕುಳ್ಳಗಿದ್ದ ಸಭಾಧ್ಯಕ್ಷ ಓಯ್ಗೆನ್ ಗೇರ್ಸ್ಟನ್‌ಮಾಯರ್‌ನ ಹೆಸರನ್ನು ಇಷ್ಟೆತ್ತರದ ಕಟ್ಟಡಕ್ಕೆ ಅಂಟಿಸಿದ ಊರಿನ ಚೇಷ್ಟೆಗೆ ಮೆಚ್ಚಬೇಕು. 2006ರಿಂದ ಅಲ್ಲಿರುವುದು ವಿಶ್ವಸಂಸ್ಥೆಯ ಕಚೇರಿಗಳು. ಹಳೆಯ ಬೀಗದ ಕೈ ಹಿಡಿದ ಸಂಸದನೊಬ್ಬ ಈಗ ಲಿಫ್ಟ್ ಹತ್ತಿ ತನ್ನ ಕೋಣೆಗೆ ಹೋದರೆ, ಅಲ್ಲಿ ಕೂತವರನ್ನು ತನ್ನ ಆಪ್ತ ಸಹಾಯಕರೆಂದು ತಿಳಿದು ಕಾಫಿ ತರಿಸಬಹುದು.

ಪರಿಹಾರ? ಮುಚ್ಚಿದೊಡನೆ ಪಾಯಿಂಟರಿಗೆ ನಲ್ ಹಾಕುವುದು, ಮುಚ್ಚುವ ಮುನ್ನ ನಲ್ ಅಲ್ಲವೆಂದು ನೋಡಿಕೊಳ್ಳುವುದು. ಮೆಮೊರಿ ಬಿಡಿಸುವ ಫ್ರೀ ಎಂಬಾಕೆ ನಲ್ ಕೊಟ್ಟರೂ ಸುಮ್ಮನಿರುತ್ತಾಳೆ. ಎಫ್‌ಕ್ಲೋಸಿಗೆ ಆ ಸಹನೆಯಿಲ್ಲ. ಆದರೆ ಪಾಯಿಂಟರಿನ ಪ್ರತಿಗಳು! ಒಂದಕ್ಕೆ ನಲ್ ಹಾಕಿದರೆ ಉಳಿದವಕ್ಕೆ ಸುದ್ದಿಯೇ ಹೋಗದು. 1994ರ ಬರ್ಲಿನ್–ಬಾನ್ ಕಾಯಿದೆಯು ರಕ್ಷಣೆಯೂ ಸೇರಿದಂತೆ ಹಲವು ಸಚಿವಾಲಯಗಳ ಮುಖ್ಯ ಕಚೇರಿಯನ್ನು ಬಾನ್‌ನಲ್ಲೇ ಉಳಿಸಿತು. ರಾಷ್ಟ್ರಾಧ್ಯಕ್ಷರಿಗೆ ಇಲ್ಲಿ ಇನ್ನೂ ಒಂದು ಮನೆ, ಚಾನ್ಸೆಲರ್‌ಗೆ ಒಂದು. ಎಲ್ಲವೂ ಕಾಯಿದೆಬದ್ಧ ಪಾಯಿಂಟರುಗಳು.

ಪೂರ್ವಪಕ್ಷಿಯ ಕೊನೆಯ ಬಾಣ: “ಪ್ರೋಗ್ರಾಂ ಮುಗಿದಾಗ ಎಕ್ಸಿಟ್ ಎಲ್ಲವನ್ನೂ ತಾನೇ ಮುಚ್ಚುತ್ತದಲ್ಲ, ನಾನೇಕೆ ಒದ್ದಾಡಲಿ?” ಮುಚ್ಚುತ್ತದೆ, ನಿಜ. ಇಓಎಫ್ ಬಂದರೆ ಅದನ್ನು ಯಾರಿಗೆ ಹೇಳಬೇಕು? ಕೇಳಬೇಕಾದವನು ಆಗಲೇ ಮನೆಗೆ ಹೋಗಿರುತ್ತಾನೆ.

ಇನ್ನು, 2012ರಲ್ಲಿ ಉದ್ಘಾಟನೆಯಾದ ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ಯಾವ ಮೋಡಿನಲ್ಲಿ ತೆರೆಯಲಾಗಿದೆ, ಓದಲೋ ಬರೆಯಲೋ ಎಂಬ ಪ್ರಶ್ನೆಯನ್ನು ಕೆಲವರು ಎತ್ತಿದ್ದಾರೆ. ಅದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು. ಚಳಿಗಾಲದ ಅಧಿವೇಶನ ಮುಗಿಯಲಿ, ನೋಡೋಣ.